ನಾನಾನ ಸಿನಿಮಾ ಸುಟ್ಟ ಮಧ್ಯಾಹ್ನ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಆಗೆಲ್ಲ ಭಾನುವಾರವೆಂದರೆ ನಾನಾನ ಸಿನಿಮಾ. ನಾನಾ ಎಂದರೆ ಅಮ್ಮಿಯ ಅಪ್ಪ. ವಿಜಾಪುರದಿಂದ ಎಳೆಯ ವಯಸ್ಸಿನಲ್ಲೇ ಬಾಂಬೆಗೆ ಬಂದು, ಮಾತಿಲ್ಲದ ಸಿನಿಮಾಗಳ ಕಾಲದಲ್ಲಿ ಒಂದು ಚಿತ್ರ ಮಾಡಿದ್ದ. ಅದರಲ್ಲಿ ಭಾರತಮಾತೆ ಸಂಕೋಲೆ ಹರಿದು ಎದ್ದು ನಿಲ್ಲುವ ತುಂಡೊಂದಿತ್ತು. ಬ್ರಿಟಿಷ್ ಸರ್ಕಾರ ಅದನ್ನು ತೆಗೆಯಬೇಕೆಂದಾಗ ನಾನಾ ಕತ್ತರಿಸಿದ, ಆದರೆ ಎಸೆಯಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಅಂಟಿಸಿದ.

ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಚಾದರ ಹೊಡೆದು, ಕೈಯಿಂದ ತಿರುಗಿಸುವ ಮಷೀನಿನಲ್ಲಿ ತೋರಿಸುತ್ತಿದ್ದ. ಡಬ್ಬಿ ತೆರೆದರೆ ಕರ್ಪೂರದಂಥ ವಾಸನೆ. ಎದುರು ಮನೆಯ ಉಡುಪಿಯ ಸುಮತಿ ಆಂಟಿ ಬಿಸಿ ಗೋಳಿಬಜೆ ತರುತ್ತಿದ್ದರು. ಹಿಡಿಕೆ ತಿರುಗಿಸುವ ಹಕ್ಕು ಮಾತ್ರ ಮೇಲಿನ ಮಾಳಿಗೆಯ ಪ್ರಕಾಶಣ್ಣನದು. ಧಾರವಾಡ ಕಡೆಯವನು, ಕಾಲೇಜು ಓದುತ್ತಿದ್ದ. ಸಂಕೋಲೆ ಹರಿದಾಗ ನಾವು ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು.

ನನಗೆ ಹತ್ತು ತುಂಬಿದ ಚಳಿಗಾಲದಲ್ಲಿ ಹಿಂದೂ-ಮುಸ್ಲಿಂ ಗಲಭೆಯೆದ್ದು ಊರಿಗೇ ಬೆಂಕಿ ಬಿತ್ತು. ಒಂದು ಮಧ್ಯಾಹ್ನ ಗುಂಪು ನಮ್ಮ ಮೆಟ್ಟಿಲು ಹತ್ತತೊಡಗಿತು. ಸುಮತಿ ಆಂಟಿ ಅಮ್ಮಿಯನ್ನೂ ನನ್ನನ್ನೂ ತಮ್ಮ ಮನೆಯೊಳಗೆ ಎಳೆದುಕೊಂಡರು.

"ಅಜ್ಜ, ನೀವೂ ಬನ್ನಿ ಮಾರಾಯ್ರೆ."

"ನೀವು ಬಾಗಲಾ ಹಾಕ್ಕೋರಿ. ನನ್ನ ರೀಲ್ ಅದಾವ ಇಲ್ಲಿ," ಅಂದ ನಾನಾ.

ನಮ್ಮ ಬಾಗಿಲು ಒಡೆದ ಸದ್ದು ಕೇಳಿತು. ಉಳಿದದ್ದನ್ನು ನಾನು ಆಂಟಿಯ ಕಿಟಕಿಯಿಂದ ಕಂಡೆ. ನಾನಾನನ್ನು ಗಡ್ಡ ಹಿಡಿದು ಅಂಗಳಕ್ಕೆ ಎಳೆತಂದರು. ಡಬ್ಬಿಗಳನ್ನು ಒಡೆದು ರೀಲುಗಳನ್ನು ರಾಶಿ ಹಾಕಿದರು. "ಪಾಕಿಸ್ತಾನ್ ಜಾ, ಬುಡ್ಢೇ," ಎನ್ನುತ್ತ ಒಬ್ಬ ರಾಡಿನಿಂದ ಬಾರಿಸಿದ. ನಾನಾನ ಬಲಗೈ ಮೊಳಕೈಯಿಂದ ಮುರಿದು ಜೋತುಬಿತ್ತು. ಬೆಂಕಿಪೊಟ್ಟಣ ಹಿಡಿದು ರಾಶಿಯ ಮೇಲೆ ಬಗ್ಗಿದವನು ಪ್ರಕಾಶಣ್ಣ.

"ಪ್ರಕಾಶಾ, ಹಿಂದ ಸರಿಯಪಾ. ಅದು ಬಾರೂದಿನಂಗ ಹತ್ತತೈತಿ," ಎಂದು ನಾನಾ ಕೂಗಿದ.

ಅವನು ತಲೆ ಎತ್ತದೆ ಕಡ್ಡಿ ಗೀರಿದ. ಬುಸ್ಸೆಂದು ಎದ್ದ ಜ್ವಾಲೆ ಅವನ ಮುಖಕ್ಕೇ ಹೊಡೆಯಿತು, ಅಂಗಿ ಹೊತ್ತಿಕೊಂಡಿತು. ಅವನ ಕಿರುಚಾಟ ಕೇಳಿ ಜೊತೆಗಿದ್ದವರು ಓಡಿಹೋದರು. ನಾನಾ ಎಡಗೈಯೊಂದರಿಂದಲೇ ಅವನನ್ನು ಎಳೆದು ಮಣ್ಣಿನಲ್ಲಿ ಹೊರಳಿಸಿದ. ಹಿಂದೆ ರೀಲುಗಳು ಪೂರ್ತಿ ಉರಿದುಹೋದವು.

ಪ್ರಕಾಶಣ್ಣ ಬದುಕಿಕೊಂಡ, ಒಂದು ಕಣ್ಣು ಹೋಯಿತು. ನಾವು ಮುಸ್ಲಿಮರೇ ಹೆಚ್ಚಿರುವ ಮುಂಬ್ರಾಕ್ಕೆ ಮನೆ ಬದಲಿಸಿದೆವು. ಅಲ್ಲಿ ನಾನಾ ಸಿನಿಮಾದ ಮಾತೇ ಎತ್ತಲಿಲ್ಲ. ಮಳೆಗಾಲಕ್ಕೆ ಮುಂಚೆ ತೀರಿಕೊಂಡ.

ದೇಶ ಅಂದರೆ ಏನೆಂದು ನಾನು ಮೊದಲು ಕಲಿತದ್ದು ನಾನಾ ಮಾಡಿದ ಆ ಚಿತ್ರದಿಂದ. ಮಗಳಿಗೆ ತೋರಿಸಲು ನನ್ನ ಬಳಿ ಅದರ ಒಂದು ಗೇಣು ತುಂಡೂ ಇಲ್ಲ. ಅವಳೀಗ ಸಾಂತಾಕ್ರೂಜ್‌ನ ಕಾಲೇಜಿನಲ್ಲಿ ಸಿನಿಮಾ ಓದುತ್ತಾಳೆ.

"ಅಮ್ಮಿ, ಶುರೂ ಜಮಾನಾದ ಫಿಲ್ಮ್ಸ್ ಬಹಳಷ್ಟು ಖರಾಬ್ ಆಗಿ ಹೋಯ್ತಂತೆ," ಅಂದಳು ಮೊನ್ನೆ.

"ನಮ್ದು ಖರಾಬ್ ಆಗ್ಲಿಲ್ಲ. ಸುಟ್ರು."

"ಯಾರು?"

"ನಮ್ಮ ಬಿಲ್ಡಿಂಗಿನವ್ರೇ," ಅಂದೆ.