ನಿದ್ದೆಯಲ್ಲಿ ಹೆಣೆದ ತೋಳು

ಪಕ್ಕದ ಮನೆಯ ಕಾಕು ನಿದ್ದೆ ಹೋದರೂ ಅವರ ಕೈಗಳು ನಿದ್ದೆ ಹೋಗುತ್ತಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಚಾಪೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂರುವರು. ಸ್ವಲ್ಪ ಹೊತ್ತಿಗೆ ತಲೆ ಒಂದು ಕಡೆ ವಾಲಿ, ಬಾಯಿ ಅರ್ಧ ತೆರೆದು, ಸಣ್ಣ ಗೊರಕೆ ಏಳುತ್ತಿತ್ತು. ಮಡಿಲಲ್ಲಿ ಎರಡು ಉಕ್ಕಿನ ಕಡ್ಡಿಗಳು ಮಾತ್ರ ಟಿಕ್ ಟಿಕ್ ಎಂದು ಆಡುತ್ತಲೇ ಇರುತ್ತಿದ್ದವು. ಎಡಗೈಯ ತೋರುಬೆರಳಿನ ಮೇಲೆ ಬೂದು ಉಣ್ಣೆಯ ಎಳೆ ಸರಸರ ಹರಿಯುತ್ತಿತ್ತು. ಸಾಲು ಮುಗಿದರೆ ಕೈಗಳೇ ಕಡ್ಡಿ ತಿರುಗಿಸಿಕೊಂಡು ಮುಂದಿನ ಸಾಲು ಹಿಡಿಯುತ್ತಿದ್ದವು.

ಮೊದಲ ಸಲ ಕಂಡಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. “ಕಾಕೂ” ಎಂದು ಕರೆದೆ. ಅವರ ಗಂಡ, ನಾವು ಕಾಕಾ ಎನ್ನುತ್ತಿದ್ದವರು, ಮಂಚದ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಹೊರಳದೆ, ತಗ್ಗಿದ ದನಿಯಲ್ಲಿ ಹೇಳಿದರು:

“ಎಬ್ಬಸಬ್ಯಾಡ ತಂಗಿ. ತೋಳು ನಡದದ.”

ಐವತ್ತರ ದಶಕದ ಮಾತು. ಅಣ್ಣನಿಗೆ ಮುಂಬೈಯ ಫೋರ್ಟಿನ ಬ್ಯಾಂಕೊಂದರಲ್ಲಿ ನೌಕರಿ ಸಿಕ್ಕಿ, ಅವನ ಜೊತೆ ನಾನೂ ಧಾರವಾಡ ಬಿಟ್ಟು ಬಂದಿದ್ದೆ. ಕಾಂದಿವಲಿಯಲ್ಲಿ ಸಾಲುಕೋಣೆಗಳ ಒಂದು ಚಾಳಿನ ಕೊನೆಯ ಖೋಲಿ ನಮ್ಮದು. ಅದರಾಚೆ ಹುಲ್ಲು ಬೆಳೆದ ಬಯಲು, ಕೆಸರು, ಗಾಳಿ ಬೀಸಿದರೆ ಉಪ್ಪಿನ ವಾಸನೆ. ಪಕ್ಕದ ಖೋಲಿ ಬೆಳಗಾವಿಯ ಈ ಗಂಡ ಹೆಂಡಿರದು. ಮಕ್ಕಳಿರಲಿಲ್ಲ. ಕಾಕಾ ಮೊದಲು ಹತ್ತಿಯ ಗಿರಣಿಯಲ್ಲಿದ್ದರು. ಅಲ್ಲಿ ಯಂತ್ರದ ಪಟ್ಟಿಗೆ ಸಿಕ್ಕು ಎಡಗೈ ಭುಜದಿಂದಲೇ ಹೋಗಿತ್ತು. ಈಗ ಹತ್ತಿರದ ಕಾರ್ಖಾನೆಯ ಗೇಟಿನಲ್ಲಿ ರಾತ್ರಿ ಪಾಳಿ. ಹಗಲೆಲ್ಲ ಮಲಗಿರುತ್ತಿದ್ದರು.

ಹೊಸ ಊರಿನಲ್ಲಿ ನನಗೆ ಗೊತ್ತಿದ್ದದ್ದು ನನ್ನ ಹೆಣಿಗೆಯ ಚೀಲವೊಂದೇ. ಶಾಲೆಯಲ್ಲಿ ಕಲಿತಿದ್ದೆ. ಮಾಟುಂಗದ ಕಾಲೇಜಿಗೆ ಬೆಳಗಿನ ಲೋಕಲ್ ಹತ್ತಿದರೆ ಹೆಂಗಸರ ಡಬ್ಬಿಯಲ್ಲಿ ಹೆಣೆಯುತ್ತಿದ್ದೆ. ತರಗತಿಯಲ್ಲಿ ಡೆಸ್ಕಿನ ಕೆಳಗೂ ಹೆಣೆಯುತ್ತಿದ್ದೆ. ಇಂಗ್ಲಿಷಿನ ಪಾಠ ಒಂದೂ ತಲೆಗೆ ಹತ್ತುತ್ತಿರಲಿಲ್ಲ, ಕಡ್ಡಿ ಹಿಡಿದರೆ ಮಾತ್ರ ಎದೆಯ ಡವಡವ ಇಳಿಯುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಫೇಲಾದೆ.

“ಮುಂಬೈಗೆ ಕರಕೊಂಡು ಬಂದದ್ದು ಓದಲಿಕ್ಕೆ” ಎಂದ ಅಣ್ಣ. “ಸ್ವೆಟರ್ ಹಾಕ್ಕೊಳ್ಳಲಿಕ್ಕೆ ಇಲ್ಲೇನು ಥಂಡಿ ಅದ? ಮಾರ್ಚಿನ್ಯಾಗ ಪಾಸಾಗಲಿಲ್ಲಂದ್ರ ಧಾರವಾಡದ ಗಾಡಿ ಹತ್ತು.” ಚೀಲವನ್ನು ಎತ್ತಿ ಅಟ್ಟದ ಮೇಲಿಟ್ಟ. ಧಾರವಾಡಕ್ಕೆ ಹೋದರೆ ಓದು ಅಲ್ಲಿಗೆ ಮುಗಿಯಿತು, ಆಮೇಲೆ ಗಂಡು ಹುಡುಕುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಎರಡು ಖೋಲಿಗಳ ನಡುವೆ ಇದ್ದದ್ದು ಹಲಗೆಯ ಗೋಡೆ, ಮಾತೆಲ್ಲ ಆಚೆ ಕೇಳುತ್ತಿತ್ತು. ಮರುದಿನ ನಾನು ಕಾಲೇಜಿನಿಂದ ಬಂದೊಡನೆ ಕಾಕು ಕರೆದರು.

“ಆ ಚೀಲಾ ಇಳಿಸಿಕೊಂಡು ಬಾ. ಪುಸ್ತಕಾನೂ ತಾ.”

“ಅಣ್ಣ ಬೈತಾನ್ರೀ.”

“ಬೈಲಿ. ಕಾಲೇಜಿನ್ಯಾಗ ಹೆಣೀಬ್ಯಾಡ, ಅಲ್ಲೆ ಕಿವಿ ಕೊಡು. ಇಲ್ಲೆ ಹೆಣಿ, ಆದ್ರ ಬಾಯಿ ಬಿಟ್ಟು ಓದು. ಕಡ್ಡಿ ನೋಡಿಕೋತ ಹೆಣಿಯಾಕಿ ಇನ್ನೂ ಕಲಿಯಾಕಿನ.”

ಪುಸ್ತಕವನ್ನು ಮಣೆಗೆ ಒರಗಿಸಿ, ಹಾಳೆ ಹಾರದಂತೆ ಬಟ್ಟಲು ಇಟ್ಟುಕೊಟ್ಟರು. ಕಣ್ಣು ಪುಸ್ತಕದಲ್ಲಿ, ಕೈ ಉಣ್ಣೆಯಲ್ಲಿ. ಮೊದಲ ವಾರ ಕುಣಿಕೆಗಳೂ ಉದುರಿದವು, ವಾಕ್ಯಗಳೂ ಉದುರಿದವು. ಆಮೇಲೆ ಎರಡೂ ಒಂದೇ ನಡಿಗೆಗೆ ಬಂದವು. ಓದಿದ್ದು ನೆನಪಿನಲ್ಲಿ ಉಳಿಯತೊಡಗಿತು. ನಾನು ಓದಲು ಹಿಡಿದರೆ ಕಾಕು ನಿದ್ದೆಗೆ ಜಾರುತ್ತಿದ್ದರು. “ನಿನ್ನ ದನೀಗೆ ಜಂಪು ಹತ್ತತದ” ಎನ್ನುತ್ತಿದ್ದರು. ಅವರಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಇತಿಹಾಸ ಓದುತ್ತಿದ್ದೆ. ಹಾಳೆ ತಿರುವಿ ಮುಂದಿನ ಸಾಲು ಓದಿದೆ. ಕಾಕುವಿನ ಕಡ್ಡಿಗಳು ನಿಂತವು. ಅವು ನಿಂತದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹೊರಗೆ ಕಾಗೆಯೂ ಕೂಗುತ್ತಿರಲಿಲ್ಲ. ಗೊರಕೆ ಮಾತ್ರ ನಡೆದಿತ್ತು. ಆ ಗೊರಕೆಯ ನಡುವೆಯೇ ಅವರು, “ಹಿಂದ ಹೋಗು” ಎಂದರು.

ನೋಡಿದರೆ ಎರಡು ಹಾಳೆಗಳು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಿ, ಬಿಟ್ಟುಹೋದ ಪುಟದಿಂದ ಓದಿದೆ. ಕಡ್ಡಿಗಳು ಮತ್ತೆ ಆಡಿದವು. ಎದ್ದ ಮೇಲೆ ಕೇಳಿದರೆ ಕಾಕು ನಕ್ಕರು. “ನಾ ಎಲ್ಲೆ ಮಾತಾಡೀನವಾ? ಮಲಗಿದ್ನಲ್ಲ.”

ಎದ್ದೊಡನೆ ಅವರು ಮಾಡುತ್ತಿದ್ದ ಕೆಲಸ ಒಂದೇ. ಮಡಿಲಲ್ಲಿ ಆದದ್ದನ್ನು ಎತ್ತಿ ನೋಡಿ, ಕಡ್ಡಿ ಕಿತ್ತು, ಪೂರಾ ಬಿಚ್ಚಿ ಉಂಡೆ ಸುತ್ತುವುದು. ಎಚ್ಚರದಲ್ಲಿ ಅವರು ಊರವರಿಗೆಲ್ಲ ಹೆಣೆದುಕೊಡುತ್ತಿದ್ದರು. ನಿದ್ದೆಯಲ್ಲಿ ಹೆಣೆಯುತ್ತಿದ್ದದ್ದು ಸದಾ ಒಂದೇ: ಗಂಡಸಿನ ಅಳತೆಯ ಒಂದು ತೋಳು.

“ಯಾಕ ಬಿಚ್ಚತೀರಿ?” ಎಂದು ಒಮ್ಮೆ ಕೇಳಿದೆ.

ಕಾಕು ಮಂಚದ ಕಡೆ ನೋಡಿ ದನಿ ತಗ್ಗಿಸಿದರು. “ಇವರ ಸ್ವೆಟರಿಗೆ ಒಂದ ತೋಳು ಸಾಕು. ಎಚ್ಚರಿದ್ದಾಗ ಅದು ನನಗ ಗೊತ್ತದ. ಮಲಗಿದಾಗ ಕೈಗೆ ಗೊತ್ತಿರೂದಿಲ್ಲ. ಇವರು ನೋಡಿದ್ರ ಮನಸ್ಸಿಗೆ ಹಚ್ಚಿಕೋತಾರ.”

ಕಾಕಾ ನೋಡುತ್ತಿರಲಿಲ್ಲ, ನಿಜ. ನೋಡುವ ಅಗತ್ಯವೇ ಅವರಿಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಡಿಸೆಂಬರಿನಲ್ಲಿ. ಕಾಕು ನಿದ್ದೆಯಲ್ಲಿದ್ದರು, ನಾನು ಓದುತ್ತಿದ್ದೆ. ಗೋಡೆಯ ಕಡೆ ತಿರುಗಿ ಮಲಗಿದ್ದ ಕಾಕಾ ತಮ್ಮಷ್ಟಕ್ಕೆ ಹೇಳಿಕೊಂಡಂತೆ, “ಮೊಣಕೈ ತನಕಾ ಬೆಚ್ಚಗಾತು” ಎಂದರು.

ನಾನು ಕಾಕುವಿನ ಮಡಿಲು ನೋಡಿದೆ. ತೋಳು ಮೊಣಕೈ ದಾಟಿ ಸಣ್ಣದಾಗಲು ಶುರುವಾಗಿತ್ತು.

“ಯಾವ ಕೈ ಕಾಕಾ?” ಎಂದು ಕೇಳಿದೆ.

“ಇಲ್ಲದ್ದು. ಇದ್ದ ಕೈಗೆ ಥಂಡಿ ಎಲ್ಲೇದ. ಆಕಿ ಬಿಚ್ಚಿದ ಮ್ಯಾಲೆ ಅದು ಮತ್ತ ಕೊರೀತದ. ಆಕಿಗೆ ಹೇಳಬ್ಯಾಡ, ಸುಮ್ಮನ ನೊಂದುಕೋತಾಳ.”

ಪುಸ್ತಕ ಮಡಚಿ ಎದ್ದು ಬಂದೆ. ಆಮೇಲೆ ಕೆಲವು ದಿನ ಆ ಕಡೆ ಹೋಗಲಿಲ್ಲ. ನಮ್ಮ ಖೋಲಿಯಲ್ಲಿ ಒಬ್ಬಳೇ ಕೂತು ಓದಿದರೆ, ಹಲಗೆಯಾಚೆಯ ಟಿಕ್ ಟಿಕ್ ಕೇಳುತ್ತಿತ್ತು. ನಾನು ಓದು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಮನಸ್ಸಿನಲ್ಲೇ ಓದಿಕೊಂಡರೂ ಅದು ನನ್ನ ಓದಿನ ಜೊತೆಗೇ ನಡೆಯುತ್ತಿತ್ತು. ಕೊನೆಗೆ ಕಾಕುವೇ ಬಾಗಿಲಿಗೆ ಬಂದರು.

“ಹೆದರಿದಿ ಏನು?”

ನಾನು ಹೌದೆಂದು ತಲೆಯಾಡಿಸಿದೆ.

“ಹೆದರು. ನನಗೂ ಹೆದರಿಕಿ ಆಗತದ. ಎದ್ದಾಗ ಮಡಲಾಗ ಏನಿರತದೋ ಅಂತ. ಆದ್ರ ನೀ ಓದೂದು ಬಿಡಬ್ಯಾಡ. ಇಲ್ಲೆ ಸೋತು ಊರಿಗೆ ಹೋದ್ರ ಜನ್ಮಪೂರ್ತಿ ಈ ಮುಂಬೈ ಅಂದ್ರ ಹೆದರತಿ.”

ಹೆದರಿಕೆ ಇಬ್ಬರದೂ ಒಂದೇ ಎಂದು ತಿಳಿದ ಮೇಲೆ ಮತ್ತೆ ಹೋಗುವುದು ಸುಲಭವಾಯಿತು.

ಫೆಬ್ರವರಿಯ ಕೊನೆ. ಪರೀಕ್ಷೆ ಹತ್ತಿರ ಬಂದಿತ್ತು. ನಾನು ಹೋದಾಗ ಕಾಕು ಆಗಲೇ ಗೋಡೆಗೆ ಒರಗಿದ್ದರು, ಕಡ್ಡಿಗಳು ಆಡುತ್ತಿದ್ದವು. ಬಿಸಿಲು ಹೊಸ್ತಿಲು ದಾಟಿ ಚಾಪೆಯ ಅಂಚಿಗೆ ಬರುವ ತನಕ ಒಂದು ಅಧ್ಯಾಯ ಓದಿದೆ. ನೀರು ಕುಡಿಯಲು ನಿಲ್ಲಿಸಿದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಗೊರಕೆ ಇರಲಿಲ್ಲ. ಎದೆಯ ಮೇಲಿನ ಸೆರಗೂ ಏರಿಳಿಯುತ್ತಿರಲಿಲ್ಲ. ಕಡ್ಡಿಗಳು ಆಡುತ್ತಿದ್ದವು.

“ಕಾಕಾ” ಎಂದೆ.

ಅವರು ಮಂಚದ ಮೇಲೆ ಎದ್ದು ಕೂತಿದ್ದರು. ಯಾವಾಗ ಎದ್ದರೋ. ಕಣ್ಣಿನಿಂದ ನೀರು ಇಳಿಯುತ್ತಿತ್ತು. “ನಿಲ್ಲಸಬ್ಯಾಡ. ಓದು. ಸಾಲು ಮುಗೀಲಿ.”

ಓದಿದೆ. ಏನು ಓದಿದೆನೋ ತಿಳಿಯದು. ಕೈಗಳು ನಿಧಾನವಾಗುತ್ತ ಹೋಗಿ, ಸಾಲಿನ ಕೊನೆಯ ಕುಣಿಕೆ ಎತ್ತಿ, ಮಡಿಲಿಗೆ ಇಳಿದವು. ನಾನು ಮುಟ್ಟಿದೆ. ಬೆರಳುಗಳು ಕೊಡದ ನೀರಿನ ಹಾಗೆ ತಣ್ಣಗಿದ್ದವು.

ಸ್ಟೇಷನ್ ಹತ್ತಿರದ ಡಾಕ್ಟರು ಬಂದು, ಕೈ ಮಡಚಿ ನೋಡಿ, ಕತ್ತು ಮುಟ್ಟಿ ನೋಡಿ, ಜೀವ ಹೋಗಿ ಬಹಳ ಹೊತ್ತಾಗಿದೆ, ಊಟ ಮಾಡಿ ಕೂತೊಡನೆ ಹೋಗಿರಬೇಕು, ಯಾರೂ ನೋಡಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ಕಾಕಾ ನನ್ನ ಮುಖ ನೋಡಿದರು. ನಾನು ಇಲ್ಲವೆಂದೆ.

ಕ್ರಿಯಾಕರ್ಮ ಮುಗಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಕಾಕಾ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಒಂಟಿ ತೋಳಿನ ಹಳೆಯ ಸ್ವೆಟರ್, ಅದರ ಮೇಲೆ ಕಡ್ಡಿಯಿಂದ ಇಳಿಸದ ಆ ತೋಳು. ಅದನ್ನು ಬಿಚ್ಚಲು ಯಾರೂ ಇರಲಿಲ್ಲ.

“ಮುಂಗೈ ಅಷ್ಟ ಉಳದದ ತಂಗಿ” ಎಂದರು. “ಭಾಳ ಕೊರೀತದ. ಮುಗಿಸಿಕೊಡತಿಯೇನು?”

ಮರುದಿನ ನನ್ನ ಮೊದಲ ಪೇಪರು. ಅಣ್ಣ ಅಲ್ಲೇ ಇದ್ದ. ಬೈಯುತ್ತಾನೆ ಅಂದುಕೊಂಡೆ. ಅವನು ಕಾಕಾನ ಖಾಲಿ ಭುಜ ನೋಡಿದ, ನನ್ನ ಪುಸ್ತಕ ಎತ್ತಿಕೊಂಡ. “ನೀ ಹೆಣಿ. ನಾ ಓದತೀನಿ” ಎಂದ.

ಬ್ಯಾಂಕಿನ ಪತ್ರ ಓದುವ ದನಿಯಲ್ಲಿ ಅಣ್ಣ ಓದಿದ. ನಾನು ಹೆಣೆದೆ. ಕಾಕಾ ನಮಗೆ ಬೆನ್ನು ಮಾಡಿ ಬಾಗಿಲಲ್ಲಿ ಬಯಲು ನೋಡುತ್ತ ಕೂತರು. ಎಷ್ಟು ಉದ್ದ ಬೇಕು ಎಂದು ಕೇಳಬೇಕು ಅಂದುಕೊಳ್ಳುತ್ತಿರುವಾಗಲೇ, “ಸಾಕು. ಅಲ್ಲೆ ಮಣಿಕಟ್ಟು” ಎಂದರು. ಅಂಚು ಕಟ್ಟಿ, ತೋಳನ್ನು ಭುಜಕ್ಕೆ ಹೊಲಿದೆ. ಅವರು ಸ್ವೆಟರ್ ಹಾಕಿಕೊಂಡು ಕೂತರು. ಖಾಲಿ ತೋಳು ಜೋತುಬೀಳಬೇಕಿತ್ತು. ಅದು ಮೊಣಕೈಯಲ್ಲಿ ಮಡಚಿ ಅವರ ತೊಡೆಯ ಮೇಲೆ ಕೂತಿತು. ಅಣ್ಣನ ಓದು ಅಲ್ಲೇ ನಿಂತಿತು.

“ಓದಪಾ ತಮ್ಮಾ” ಎಂದರು ಕಾಕಾ. “ಹುಡುಗಿಗೆ ನಾಳೆ ಪರೀಕ್ಷಾ ಅದ.”

ಅಣ್ಣ ಗಂಟಲು ಸರಿಮಾಡಿಕೊಂಡು ಓದಿದ. ಆ ದಿನದ ಬಗ್ಗೆ ಅವನು ನನ್ನೊಡನೆ ಎಂದೂ ಮಾತಾಡಲಿಲ್ಲ. ನನ್ನ ಚೀಲವನ್ನು ಮತ್ತೆ ಅಟ್ಟಕ್ಕೂ ಏರಿಸಲಿಲ್ಲ.

ಪರೀಕ್ಷೆಯಲ್ಲಿ ಪ್ರಶ್ನೆ ಓದಿದೊಡನೆ ನನ್ನ ಬೆರಳುಗಳು ಮೇಜಿನ ಕೆಳಗೆ ಗಾಳಿಯಲ್ಲಿ ಒಂದು ಸಾಲು ಹೆಣೆಯುತ್ತಿದ್ದವು, ಪುಟ ಕಣ್ಣ ಮುಂದೆ ಬರುತ್ತಿತ್ತು. ಫಲಿತಾಂಶದ ದಿನ ಅಣ್ಣ ಫೋರ್ಟಿನಿಂದ ಪೇಡೆ ತಂದ. ಕಾಕಾ ಬೆಳಗಾವಿಗೆ ತಮ್ಮನ ಮನೆಗೆ ಹೊರಡಲು ಟ್ರಂಕು ಕಟ್ಟುತ್ತಿದ್ದರು. ನಾನು ಪೇಡೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದೆ, ಪಾಸಾದೆ ಎಂದೆ.

ಅವರು ಪೇಡೆಯನ್ನು ಎರಡು ತುಂಡು ಮಾಡಿ, ಒಂದನ್ನು ಕಾಕು ಒರಗಿ ಕೂರುತ್ತಿದ್ದ ಗೋಡೆಯ ಬುಡದಲ್ಲಿ ಇಟ್ಟರು.

“ಅಂದ್ರ ಇಬ್ರೂ ಪಾಸಾದ್ರಿ” ಎಂದರು.

ಅದು ಚೇಷ್ಟೆಯ ಮಾತಾಗಿರಲಿಲ್ಲ. ಇಬ್ಬರೂ ಪಾಸಾದೆವೆಂದೇ ನಾನೂ ತಿಳಿದು, ಮುಂದಿನ ವರ್ಷದ ಪುಸ್ತಕಗಳನ್ನು ಕೊಂಡೆ.