ಮಗಳ ಪಗಾರ ಏರಿತು

“ಮಗಳು ಸಿವಿಲ್ ಇಂಜಿನಿಯರ್ ಅಲ್ಲೇನ್ರಿ? ಹಂಗಾದ್ರ ತಿಂಗಳಿಗೆ ಲಕ್ಷ ಬರ್ತಿರಬೇಕಲ್ಲ?”

ಬೀದರಿನ ನನ್ನ ನಾದಿನಿ ಫೋನ್ ಮಾಡಿದಾಗಲೆಲ್ಲ ಕೇಳುವುದು ಇದನ್ನೇ. ನಾನು ನಕ್ಕು ಮಾತು ಮರೆಸುತ್ತೇನೆ. (ಎರಡು ವರ್ಷದ ಅನುಭವಕ್ಕೆ ಲಕ್ಷ ಯಾರು ಕೊಡುತ್ತಾರೆ, ಅದೂ ಸೈಟಿನಲ್ಲಿ!) ಎಸಿ ಆಫೀಸಿನಲ್ಲಿ ಕೂತು ಡಿಸೈನ್ ಮಾಡುವ ಅವಳ ಗೆಳತಿಗೆ ಹೆಚ್ಚು. ದುಬೈಗೆ ಹೋದ ಕ್ಲಾಸ್‌ಮೇಟಿಗೆ ಇನ್ನೂ ಹೆಚ್ಚು. ಬಿಸಿಲಲ್ಲಿ ನಿಲ್ಲುವವಳಿಗೆ ಕಡಿಮೆ. ಯಾಕೆ ಹೀಗೆ?

ಕಳೆದ ಭಾನುವಾರ ನಾಶಿಕದ ನಮ್ಮ ಮನೆಯಿಂದ ಬಸ್ಸು ಹತ್ತಿ ಸಂಭಾಜಿನಗರಕ್ಕೆ (ಹಳೆಯ ಔರಂಗಾಬಾದ್), ಮಗಳು ಶ್ರುತಿಯ ಬಳಿ ಹೋಗಿದ್ದೆ. ಸಂಜೆ ಚಿಕಲಠಾಣಾದ ತನ್ನ ಸೈಟಿಗೆ ಕರೆದೊಯ್ದಳು. ನಾಲ್ಕನೇ ಮಹಡಿ. ಗೋಡೆಗಳಿನ್ನೂ ಎದ್ದಿಲ್ಲ. ಗಾಳಿ ಈ ಕಡೆಯಿಂದ ಬಂದು ಆ ಕಡೆ ಹಾದುಹೋಗುತ್ತಿತ್ತು. ದೂರದಲ್ಲಿ ವಿಮಾನವೊಂದು ಕೆಂಪು ಬೆಳಕಿನೊಳಗೆ ಮೆಲ್ಲಗೆ ಇಳಿಯಿತು. ಇನ್ನೂ ಇಲ್ಲದ ಕಿಟಕಿಗಳು ನನಗೆ ಕಂಡವು, ಪರದೆಗಳು ಕಂಡವು, ಯಾರದೋ ಅಡುಗೆಮನೆಯ ಒಗ್ಗರಣೆ ಘಮವೂ ಬಂದಂತಾಯಿತು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ!

“ಅವ್ವಾ, ಮಾಝಾ ಪಗಾರ... ಅಂದ್ರ, ನನ್ ಪಗಾರ ಜಾಸ್ತಿ ಮಾಡಿದ್ರು.”

(ನಾಶಿಕದಲ್ಲೇ ಬೆಳೆದವಳು, ಅವಳ ಕನ್ನಡ ಹೀಗೇ. ಕೇಳಿದರೆ ಪೂರ್ತಿ ತಿಳಿಯುತ್ತದೆ, ಆಡಲು ಹೋದರೆ ಅರ್ಧ ಮರಾಠಿ.)

ನಡೆದದ್ದು ಇಷ್ಟು. ಹೋದ ತಿಂಗಳು ಆ ಮಹಡಿಗೆ ಸ್ಲ್ಯಾಬ್ ಹಾಕುವ ದಿನ. ಕಾಂಕ್ರೀಟ್ ಲಾರಿ ಬಂದು ನಿಂತಿತ್ತು. ಕಲಬುರಗಿ ಕಡೆಯಿಂದ ಕೂಲಿಗೆ ಬಂದ ಮಹಾದೇವಮ್ಮ ಕೆಳಗಿನಿಂದ ಒಂದೇ ಸಮನೆ ಹೇಳುತ್ತಿದ್ದರು: “ಈ ಕಂಬ ಅಳ್ಳಾಡ್ಲಕತ್ತದ್ರೀ!”

ಮರಾಠಿ ಸೂಪರ್‌ವೈಸರನಿಗೆ ಅರ್ಥವಾಗಲಿಲ್ಲ. ಶ್ರುತಿಗೆ ಆಯಿತು. ಓಡಿಹೋಗಿ ಬಗ್ಗಿ ನೋಡಿದಳು. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಸ್ಲ್ಯಾಬಿನ ಭಾರ ಹೊರಬೇಕಾದ ಆಸರೆ ಕಂಬದ ತಳದ ಹಲಗೆ ಸೀಳಿಹೋಗಿತ್ತು. ಕೆಲಸ ನಿಲ್ಲಿಸಿದಳು. ಕಾಂಟ್ರಾಕ್ಟರ್ ಕೂಗಾಡಿದ. ಇವಳು ಜಗ್ಗಲಿಲ್ಲ. ಪರೀಕ್ಷಿಸಿದರೆ ಇನ್ನೂ ಮೂರು ಕಂಬಗಳ ಗತಿ ಅದೇ! ಆತ ತಣ್ಣಗಾದ. ಮೇಲೆ ಹತ್ತು ಜನ ನಿಂತು ಕಾಂಕ್ರೀಟ್ ಸುರಿಯುವವರಿದ್ದರು.

ಈ ತಿಂಗಳು ಅವಳ ಪಗಾರ ಏರಿತು.

ಸೈಟಿನಲ್ಲೇ ಗುಡಿಸಲು ಹಾಕಿಕೊಂಡಿರುವ ಮಹಾದೇವಮ್ಮ ಅಷ್ಟರಲ್ಲಿ ಮೇಲೆ ಬಂದರು. ಕನ್ನಡದವಳು ಬಂದಿದ್ದಾಳೆಂದು ನನ್ನನ್ನು ನೋಡಲು.

“ನಿಮಗೇನ್ ಕೊಟ್ರವ್ವಾ?” ಕೇಳಿದೆ.

“ನನಗೇನ್ರಿ... ಛಾ ಕುಡಿಸಿದ್ರು,” ಎಂದು ನಕ್ಕರು.

ಶ್ರುತಿ ನಗಲಿಲ್ಲ. ಆಕೆಯ ಕೂಲಿಯನ್ನೂ ಹೆಚ್ಚಿಸಿರೆಂದು ಅವಳು ಆಗಲೇ ಕೇಳಿದ್ದಳಂತೆ. “ಆಕೆ ಇಂಜಿನಿಯರ್ ಅಲ್ಲವಲ್ಲ” ಅಂದನಂತೆ ಕಾಂಟ್ರಾಕ್ಟರ್. ನಾನು ಹೋಗಿಬಂದ ಮರುದಿನ, ಸೋಮವಾರ, ಮತ್ತೆ ಕೇಳಿದ್ದಾಳೆ. “ನೋಡೋಣ” ಅಂದಿದ್ದಾನಂತೆ.

ಕಂಬ ಅಲುಗಿದ್ದನ್ನು ಕಂಡವರಿಗೆ ಚಹಾ, ಅವರ ಮಾತು ಕೇಳಿಸಿಕೊಂಡವರಿಗೆ ಪಗಾರ. ನೀವೇ ಹೇಳ್ರಿ, ಸರಿಯೇನು?