ಬೆಂಡು ತರಾಕೆ ಹೇಳ್ಯಾಳೆ

ಈಗಿನ ಮದುವೆ ಕಾರ್ಡುಗಳಲ್ಲಿ ‘ಪರಿಸರಸ್ನೇಹಿ ವಿವಾಹ’ ಅಂತ ಅಚ್ಚು ಹಾಕಿಸಿರುವುದನ್ನು ಕಂಡರೆ ನನಗೆ ನಗು ತಡೆಯುವುದಿಲ್ಲ. ಎಂಬತ್ತರ ದಶಕದ ಶುರುವಿನಲ್ಲಿ ಚನ್ನಗಿರಿ ಸೀಮೆಯ ಕತ್ತಲಗೆರೆಯಲ್ಲಿ ನಡೆದ ನನ್ನ ಮದುವೆಯೂ ಅಂಥದ್ದೇ. ಚಪ್ಪರಕ್ಕೆ ತೆಂಗಿನ ಗರಿ, ಊಟಕ್ಕೆ ಮುತ್ತುಗದ ಎಲೆ, ಕೈಗೆ ಹಿತ್ತಲಿನ ಗೋರಂಟಿ. ಪ್ಲಾಸ್ಟಿಕ್ ಬೇಡವೆಂದು ನಾವೇನೂ ಪಣ ತೊಟ್ಟಿರಲಿಲ್ಲ. ಅದು ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ, ಅಷ್ಟೆ.

ದಿನ ಗೊತ್ತು ಮಾಡಿದವನು ಅಪ್ಪ. ಗೌರಿ ಹುಣ್ಣಿಮೆಯ ಮಾರನೇ ದಿನ. ಹಬ್ಬಕ್ಕೆ ಎಲ್ಲರ ಅಂಗಳವೂ ಸಾರಿಸಿ ರಂಗೋಲಿ ಬಿದ್ದಿರುತ್ತದೆ, ಬದುಗಳ ತುಂಬ ಚೆಂಡುಹೂ ಇರುತ್ತದೆ, ಹೆಣ್ಣುಮಕ್ಕಳು ಹೇಗೂ ಹಾಡು ಹೇಳುತ್ತಾರೆ ಅನ್ನುವುದು ಅವನ ಲೆಕ್ಕಾಚಾರ. “ಸಿಂಗಾರ ಊರೇ ಮಾಡ್ಕಂಡಿರ್ತೈತೆ. ನಾವು ಹುಡುಗೀನ ಕುಂದ್ರಿಸಿದ್ರೆ ಆತು” ಅಂದಿದ್ದ. ಜಿಪುಣ ಅಂತ ಬೀದಿಯವರು ಆಡಿಕೊಂಡರು. ಆಡಿಕೊಂಡವರೇ ಮಧ್ಯಾಹ್ನವಾದರೆ ನಮ್ಮ ಜಗುಲಿಗೆ ಬಂದು ಎಲೆ ಹಚ್ಚುತ್ತಾ, ಅಕ್ಕಿ ಆರಿಸುತ್ತಾ ಕೂತರು.

ಒಳಗೆ ಅವ್ವ ಸಕ್ಕರೆ ಆರತಿ ಮಾಡುತ್ತಿದ್ದಳು. ಗೌರಿಗೆ ಬೆಳಗಲು ಹುಡುಗಿಯರು ತಟ್ಟೆಯಲ್ಲಿಟ್ಟು ಒಯ್ಯುವ ಸಕ್ಕರೆ ಗೊಂಬೆಗಳವು: ಆನೆ, ಒಂಟೆ, ಗೋಪುರ. ಪಾಕವನ್ನು ಮರದ ಅಚ್ಚಿಗೆ ಹೊಯ್ದು, ಆರಿದ ಮೇಲೆ ಮೆಲ್ಲಗೆ ಬಿಡಿಸಬೇಕು. ಆ ವರ್ಷ ಬೀಗರಿಗೂ ಅದನ್ನೇ ಹಂಚುವುದೆಂದು ಎರಡರಷ್ಟು ಹೊಯ್ದಳು. ಸೊಂಡಿಲು ಮುರಿದ ಆನೆಗಳೆಲ್ಲ ಮದುಮಗಳ ಪಾಲು. ಅವ್ವನ ಗಮನ ಪಾಕದ ಮೇಲೆ ಇರದಿದ್ದರಿಂದ ಆನೆಗಳು ಬಹಳ ಮುರಿದವು.

ಅವಳ ಚಿಂತೆ ತನ್ನ ತಮ್ಮನದು. ಅವ್ವನ ತವರು ಜಗಳೂರು ಸೀಮೆಯ ಬಿಳಿಚೋಡು. ತವರು ಅಂತ ಉಳಿದಿದ್ದವನು ಅವನೊಬ್ಬನೇ, ಒಂದಿಷ್ಟು ಜೋಳದ ಹೊಲ, ಕುರಿ ಇಟ್ಟುಕೊಂಡಿದ್ದ ನನ್ನ ಸೋದರಮಾವ. ನಾನು ತೊಟ್ಟಿಲಲ್ಲಿದ್ದಾಗ ಅವ್ವನೇ ಅವನಿಗೆ “ಇವಳು ನಿನ್ನ ಮನೆಗೆ ಬರೋ ಸೊಸೆ” ಅಂದಿದ್ದಳಂತೆ. ಅಪ್ಪ ಮಾತ್ರ ನನ್ನನ್ನು ಹೊನ್ನಾಳಿ ಕಡೆಯ ಗೋವಿನಕೋವಿಗೆ ಕೊಡಲು ಒಪ್ಪಿಕೊಂಡ. ಸುದ್ದಿ ಮುಟ್ಟಿಸಿದಾಗ ಮಾವ ಒಂದು ಮಾತೂ ಆಡಲಿಲ್ಲ. “ಬಂದು ಜಗಳಾಡಿದ್ರೂ ಚಂದಿತ್ತು” ಅಂತ ಅವ್ವ ಒಲೆಯ ಮುಂದೆ ಗೊಣಗುತ್ತಿದ್ದಳು. ನಮ್ಮಲ್ಲಿ ಧಾರೆಯ ಬಾಸಿಂಗ ತರಬೇಕಾದವನು, ಹೆಣ್ಣಿನ ಹಣೆಗೆ ಕಟ್ಟಬೇಕಾದವನು ಸೋದರಮಾವ. ಅವನು ತಂದರೆ ತವರು ಉಳಿಯಿತು. ಬರಿಗೈಲಿ ಬಂದರೆ ಸಂಬಂಧ ಮುಗಿಯಿತು ಅಂತಲೇ ಅರ್ಥ.

ತೋಟಗಳಿಗೆ ಕುರಿ ಗೊಬ್ಬರ ತರಲು ನಮ್ಮ ಬೀದಿಯ ಲಾರಿ ಡ್ರೈವರ್ ಜಗಳೂರು ಕಡೆ ಹೋಗುತ್ತಿದ್ದ. ಅವ್ವ ಅವನ ಕೈಲಿ ಹೇಳಿ ಕಳಿಸಿದಳು: “ಬೆಂಡಿನ ಬಾಸಿಂಗ ತರಾಕೆ ಹೇಳಪ್ಪ. ಅಕ್ಕ ದಾರಿ ಕಾಯ್ತಾಳೆ ಅನ್ನು.”

ಹುಣ್ಣಿಮೆಯ ಸಂಜೆ, ಹುಡುಗಿಯರು ಆರತಿ ತಟ್ಟೆ ಹಿಡಿದು ಹಾಡುತ್ತಾ ಗೌರಿಯ ಕಡೆ ಹೊರಟಿದ್ದ ಹೊತ್ತಿಗೆ ಮಾವ ಬಂದ. ತಲೆಯ ಮೇಲೆ ಬಿದಿರ ಬುಟ್ಟಿ, ಮೇಲೆ ಮಡಿ ಬಟ್ಟೆ. ಅವ್ವ ಕಾಲಿಗೆ ನೀರು ತಂದವಳು ಚೊಂಬು ಹಿಡಿದೇ ಬಟ್ಟೆ ಸರಿಸಿದಳು. ಬುಟ್ಟಿ ತುಂಬ ಬೆಂಡು! ಬಿಳಿಯವು, ಗುಲಾಬಿಯವು, ಬತ್ತಾಸಿನ ಜೊತೆ ಮಾರುತ್ತಾರಲ್ಲ, ಆ ಸಕ್ಕರೆ ಬೆಂಡು. ಚಿಕ್ಕವಳಿದ್ದಾಗ ಅದಕ್ಕಾಗಿ ನಾನು ಅವನ ಹೆಗಲೇರುತ್ತಿದ್ದೆ.

ಬಾಸಿಂಗ ಇರಲಿಲ್ಲ.

“ಸೇಡು ತೀರಿಸ್ಕಂಡ ನೋಡ್ರಿ” ಎಂದು ಯಾರೋ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಅವ್ವ ಚೊಂಬು ಅಲ್ಲೇ ಇಟ್ಟು ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ನನಗೆ ಮೈಯೆಲ್ಲ ಉರಿಯಿತು. ಬಾಯಿಗಿಟ್ಟುಕೊಂಡಿದ್ದ ಬೆಂಡನ್ನು ಅವನ ಮುಂದೆಯೇ ಉಗಿಯಬೇಕು ಅನಿಸಿತು. ಆದರೆ ರುಚಿಯಾಗಿತ್ತು, ನುಂಗಿದೆ.

ಚಪ್ಪರದಲ್ಲಿ ಮಂಡಕ್ಕಿ ಮೆಲ್ಲುತ್ತಿದ್ದ ಡ್ರೈವರ್ ಎದ್ದು ಬಂದ. “ಯಾಕ್ರಿ, ನಾನು ಹೇಳಿದ್ದು ಬರೋಬ್ಬರಿ ತಂದಾರಲ್ರಿ! ‘ನಿಮ್ಮಕ್ಕ ಬೆಂಡು ತರಾಕೆ ಹೇಳ್ಯಾಳೆ’ ಅಂದಿದ್ದೆ.”

“ಬೆಂಡಿನ ಬಾಸಿಂಗ ಅಂತಲ್ಲೇನೋ ಆಕಿ ಹೇಳಿದ್ದು?” ಅಪ್ಪ ಗದರಿದ.

ಡ್ರೈವರ್ ತಲೆ ಕೆರೆದುಕೊಂಡ. “ಹೌದ್ರೀ... ಆ ಬಾಸಿಂಗ ದಾವಣಗೆರೆ ದಾಟೋವಾಗ ಎಲ್ಲೋ ಮರ್ತೋತು.”

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಅವ್ವ ಕಣ್ಣೊರೆಸಿಕೊಂಡು ಹೊರಗೆ ಬಂದು ನಕ್ಕಳು. ಮಾವನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ನಕ್ಕರೆ ಬಾಸಿಂಗ ಬರುತ್ತದೆಯೇ? ಹಬ್ಬದ ದಿನ ಚನ್ನಗಿರಿಯಲ್ಲೂ ಅಂಗಡಿ ತೆಗೆದಿರುವುದಿಲ್ಲ. ಬೆಳಗಾಗುತ್ತಲೇ ಮಾವ ಕೇಳಿದ: “ಒಣಗಿದ ಜೋಳದ ದಂಟು ಯಾರ ಮನ್ಯಾಗೆ ಐತೆ?” ಹಿಂದಿನ ಬೀದಿಯವರ ಬಣವೆಯಿಂದ ಒಂದು ಕಟ್ಟು ಬಂತು. ಜೋಳದ ದಂಟಿನ ಸಿಬಿರು ಸುಲಿದರೆ ಒಳಗೆ ಬೆಳ್ಳಗಿನ ಹಗುರ ತಿರುಳು ಸಿಗುತ್ತದೆ. ನಮ್ಮ ಕಡೆ ಅದಕ್ಕೂ ಬೆಂಡು ಅಂತಲೇ ಹೆಸರು. ಬಿಳಿಚೋಡಿನಲ್ಲಿ ಅದೇ ಬೆಂಡಿನಿಂದ ಅವನು ನನಗೆ ಎತ್ತಿನ ಬಂಡಿ, ಕನ್ನಡಕ ಎಲ್ಲ ಮಾಡಿಕೊಟ್ಟಿದ್ದ. ಈಗ ಜಗುಲಿಯ ಮೇಲೆ ಕೂತು ಸೊಂಟದ ಚಾಕುವಿನಿಂದ ಸುಲಿದ, ಸೀಳಿದ, ಜಾಲಿಮುಳ್ಳಿನಿಂದ ಒಂದಕ್ಕೊಂದು ಚುಚ್ಚಿದ. ಅರಿಶಿನದ ನೀರಿನಲ್ಲಿ ಕೆಲವನ್ನು ಅದ್ದಿದ, ಕುಂಕುಮದ ನೀರಿನಲ್ಲಿ ಕೆಲವನ್ನು. ನಡುವೆ ಚೆಂಡುಹೂ ಸಿಕ್ಕಿಸಿದ. ಧಾರೆ ಮಾಡಿಸಲು ಬಂದ ಅಯ್ನೋರು ಗಳಿಗೆ ಮೀರಿತು ಅಂತ ಕೂಗಾಡಲಿಲ್ಲ, ಪಕ್ಕದಲ್ಲಿ ಕೂತು ಕಟ್ಟುವ ದಾರವನ್ನು ಹೊಸೆದುಕೊಟ್ಟರು. ಗಂಡಿನ ಕಡೆಯವರು ಇನ್ನೊಂದು ಸುತ್ತು ಉಪ್ಪಿಟ್ಟು ತಿಂದರು.

ಗಂಡಿನ ಬಾಸಿಂಗ ಹೊನ್ನಾಳಿ ಪೇಟೆಯದು, ಬಣ್ಣದ ಕಾಗದ ಫಳಫಳ ಅನ್ನುತ್ತಿತ್ತು. ನನ್ನದು ಎಡಕ್ಕೆ ಒಂದಿಷ್ಟು ವಾಲಿತ್ತು. ಮಾವ ಅದನ್ನು ನನ್ನ ಹಣೆಗೆ ಕಟ್ಟಿ, ಗಂಟನ್ನು ಎರಡು ಸಲ ಬಿಗಿದ. ಧಾರೆಯ ಹೊತ್ತಿಗೆ ಅರಿಶಿನದ ನೀರು ಮೂಗಿನ ತುದಿಗೆ ಇಳಿದಿತ್ತು. ಅತ್ತೆ ಏನಂದಾರೋ ಅಂತ ಅವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಎರಡನ್ನೂ ನೋಡಿ, “ನಮ್ಮ ಹುಡುಗಂದು ಪ್ಯಾಟೇದು, ನಿಮ್ಮ ಹುಡುಗೀದು ಹೊಲದ್ದು. ಜೋಡಿ ಸರಿಯಾತು ಬಿಡ್ರಿ” ಅಂದು ಸೆರಗಿನ ತುದಿಯಿಂದ ನನ್ನ ಮೂಗು ಒರೆಸಿದರು. ಆ ಒಂದು ಮಾತಿಗೆ, ಆ ಒಂದು ಒರೆಸುವಿಕೆಗೆ ನಾನು ಇವತ್ತಿಗೂ ಋಣಿ. ಮುಂದೆ ಅವರ ಜೊತೆ ನೂರು ಜಗಳ ಆಡಿದ್ದೇನೆ, ಆ ಋಣ ಮಾತ್ರ ಕರಗಿಲ್ಲ.

ಮಧ್ಯಾಹ್ನ ಹೊರಡುವ ಹೊತ್ತು. ಬೀಗರ ಕೈಗೆಲ್ಲ ಸಕ್ಕರೆ ಆನೆ, ಒಂಟೆ. ನಾನು ನಡುಮನೆಯಲ್ಲಿ ಮಡಿಲಕ್ಕಿ ಕಟ್ಟಿಸಿಕೊಂಡು ನಿಂತಿದ್ದೆ. ಅಕ್ಕಿ ಹಾಕುತ್ತಿದ್ದ ಅವ್ವನ ಕೈ ಇದ್ದಕ್ಕಿದ್ದಂತೆ ನಿಂತಿತು. ನಿನ್ನೆಯಿಂದ ಎಲ್ಲರೂ ನಕ್ಕೆವು, ಒಂದನ್ನು ಯಾರೂ ಯೋಚಿಸಿರಲಿಲ್ಲ. ಅವಳಿಗೆ ಹೊಳೆದದ್ದು ಆಗ. ಬಾಗಿಲ ಹತ್ತಿರ ಖಾಲಿ ಬುಟ್ಟಿಗೆ ಬಟ್ಟೆ ಮಡಚಿಡುತ್ತಿದ್ದ ತಮ್ಮನ ಕಡೆ ತಿರುಗಿದಳು.

“ತಮ್ಮಾ, ಬರೇ ಬೆಂಡು ತರಾಕೆ ಹೇಳ್ಯಾಳೆ ಅಂದಾಗ ನೀನು ಏನಂತ ತಿಳಕಂಡೆ?”

ಮಾವ ಬುಟ್ಟಿಯಿಂದ ತಲೆ ಎತ್ತಲಿಲ್ಲ. “ಬಾಸಿಂಗ ಬ್ಯಾರೇರಿಗೆ ಹೇಳೀರಿ ಅಂತ ತಿಳಕಂಡೆ. ಹೆಣ್ಣು ಬ್ಯಾರೆ ಕಡಿ ಕೊಟ್ಟ ಮ್ಯಾಲೆ ನಮ್ಮ ಕೈಯಾಗಿನ ಬಾಸಿಂಗ ಯಾಕೆ ಬೇಕು ಅಂದಿರಬೌದು ಅಂತ.”

“ಹಂಗಂತ ತಿಳಕಂಡೂ ಬಂದ್ಯಾ?”

“ಮತ್ತೆ? ಬೆಂಡು ಕೇಳಿದ್ದಿಯಲ್ಲಕ್ಕ,” ಅಂದ ಮಾವ. “ತಂದೆ.”